ರಂಗೂನಿನ ಒಂದು ಬಟ್ಟಲು

ಹಿಂದಿನ ಕಾಲದಲ್ಲಿ ಕಲ್ಕತ್ತೆಯಿಂದಲೋ ಮದರಾಸಿನಿಂದಲೋ ಹಡಗು ಹತ್ತಿ ಬಂಗಾಳ ಕೊಲ್ಲಿಯನ್ನು ದಾಟಿ ಬಂದವರಿಗೆ ರಂಗೂನು ನಗರ ಕಾಣಿಸಿಕೊಳ್ಳುವ ಮೊದಲೇ ಅದರ ಕಿರೀಟ ಕಾಣಿಸುತ್ತಿತ್ತು. ಕೆಸರುಬಣ್ಣದ ನದಿ, ಎರಡೂ ದಡಗಳಲ್ಲಿ ತಗ್ಗಾದ ಬತ್ತದ ಗದ್ದೆಗಳು, ಆ ಗದ್ದೆಗಳಾಚೆ ದಿಗಂತದಲ್ಲಿ ಥಳಥಳಿಸುವ ಶ್ವೆಡಗಾನ್ ಪಗೋಡದ ಹೊನ್ನಿನ ಶಿಖರ. ಸುಮಾರು 99 ಮೀಟರು ಎತ್ತರದ ಆ ಸ್ತೂಪ ಇಂದಿಗೂ ನಗರದ ಬಹುಭಾಗದಿಂದ ಕಾಣುತ್ತದೆ. ಊರಿನ ಹೆಸರು 1989ರಲ್ಲಿ ಯಾಂಗೊನ್ ಎಂದಾಯಿತು. 2005ರಲ್ಲಿ ರಾಜಧಾನಿಯ ಪಟ್ಟವೂ ಉತ್ತರದ ನೇಪಿಡೊ ನಗರಕ್ಕೆ ಸಾಗಿತು. ಆದರೂ ಕನ್ನಡಿಗರ ಬಾಯಲ್ಲಿ ರಂಗೂನು ರಂಗೂನಾಗಿಯೇ ಉಳಿದಿದೆ. ಬರ್ಮಾ ತೇಗದ ಬಾಗಿಲುವಾಡವುಳ್ಳ ಮನೆಯೆಂದರೆ ಇಂದಿಗೂ ಹಿರಿಯರು ಒಮ್ಮೆ ಆ ಬಾಗಿಲನ್ನು ಕೈಯಿಂದ ಸವರಿ ನೋಡದೆ ಒಳಗೆ ಕಾಲಿಡುವುದಿಲ್ಲ.

ಆ ತೇಗದಿಂದಲೇ ಕಟ್ಟಿದ ಒಂದು ದೊಡ್ಡ ಕಟ್ಟಡ ಶ್ವೆಡಗಾನಿನಿಂದ ಹೆಚ್ಚು ದೂರವಿಲ್ಲದ ಪ್ಯೇ ರಸ್ತೆಯಲ್ಲಿ ನಿಂತಿದೆ. ಬ್ರಿಟಿಷರ ಕಾಲದಲ್ಲಿ ಈ ರಸ್ತೆಗೆ ಪ್ರೋಮ್ ರಸ್ತೆ ಎಂದು ಹೆಸರು. ಕಟ್ಟಡದ ಹೆಸರು ಪೆಗು ಕ್ಲಬ್. ಈ ಕಟ್ಟಡವನ್ನು ಕಂಡವರು ಕೆಲವರು. ಇದರ ಹೆಸರನ್ನು ಕೇಳಿದವರು ಅನೇಕರು. ಲಂಡನ್ನು, ಪ್ಯಾರಿಸ್ಸು, ನ್ಯೂಯಾರ್ಕುಗಳಲ್ಲಿ, ಇತ್ತೀಚೆಗೆ ಮುಂಬಯಿ ಬೆಂಗಳೂರುಗಳಲ್ಲಿಯೂ, ಬರ್ಮಾ ದೇಶವನ್ನು ಭೂಪಟದಲ್ಲಿ ಹುಡುಕಬೇಕಾದವರು ಕೂಡ ಪೆಗು ಕ್ಲಬ್ಬನ್ನು ಬಲ್ಲರು. ಏಕೆಂದರೆ ಆ ಹೆಸರು ಒಂದು ಪುಟ್ಟ ಗಾಜಿನ ಬಟ್ಟಲಿಗೆ ಅಂಟಿಕೊಂಡಿದೆ. ಜಿನ್ನು, ಕಿತ್ತಳೆ ಸಿಪ್ಪೆಯ ಮದ್ಯ, ನಿಂಬೆಯ ರಸ, ಎರಡು ಬಗೆಯ ಕಹಿಯ ಹನಿಗಳು—ಇವಿಷ್ಟನ್ನು ಮಂಜುಗಡ್ಡೆಯೊಡನೆ ಕುಲುಕಿ ಸೋಸಿದ ಪಾನೀಯವೇ 'ಪೆಗು ಕ್ಲಬ್ ಕಾಕ್‌ಟೈಲ್'.

ಮನೆಯಲ್ಲಿಯೇ ಹಳೆಯ ಮಿಶ್ರಪಾನಗಳನ್ನು ಸಿದ್ಧಪಡಿಸುವ ಹವ್ಯಾಸ ನಗರಗಳಲ್ಲಿ ಹಬ್ಬುತ್ತಿರುವ ಈ ದಿನಗಳಲ್ಲಿ ಆ ಬಟ್ಟಲು ಮತ್ತೆ ಕಪಾಟಿನಿಂದ ಹೊರಬಂದಿದೆ. ಆದರೆ ಪುಸ್ತಕದಲ್ಲಿ ಬರೆದಂತೆಯೇ ಅಳೆದು ಸುರಿದವನಿಗೆ ನಿರಾಶೆ ಕಾದಿರುತ್ತದೆ. ಹಳೆಯ ಅಳತೆಗೆ ಅಕ್ಷರಶಃ ನಿಷ್ಠನಾದವನ ಬಟ್ಟಲಿನಲ್ಲಿ ಹಳೆಯ ರುಚಿ ಬರುವುದಿಲ್ಲ. ಇದೇಕೆ ಹೀಗೆಂಬುದನ್ನು ಅರಿಯಲು ಮೊದಲು ರಂಗೂನಿಗೇ ಹೋಗಬೇಕು.

ಪೆಗು ಎಂಬ ಹೆಸರು

ರಂಗೂನಿನಿಂದ ಈಶಾನ್ಯಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿ ಬಾಗೊ ಎಂಬ ಪಟ್ಟಣವಿದೆ. ಯೂರೋಪಿನವರ ನಾಲಗೆಯಲ್ಲಿ ಅದೇ ಪೆಗು. ಒಂದು ಕಾಲಕ್ಕೆ ಅದು ಮೋನ್ ಜನರ ರಾಜಧಾನಿ; ಮುಂದೆ ಬರ್ಮೀ ಅರಸರ ಸಿರಿನಗರಿ. ಅಲ್ಲಿ ಮಲಗಿದ ಭಂಗಿಯ ಬುದ್ಧನ ವಿಗ್ರಹವೊಂದು ಸುಮಾರು 55 ಮೀಟರು ಉದ್ದವಾಗಿದೆ. ಕನ್ನಡ ಓದುಗರಿಗೆ ಈ ಊರಿನೊಡನೆ ಒಂದು ಹಳೆಯ ನಂಟುಂಟು. ರಕ್ಕಸತಂಗಡಗಿಯ ಯುದ್ಧ ನಡೆದ ಎರಡು ವರ್ಷಗಳ ಮೇಲೆ, 1567ರಲ್ಲಿ, ಹಾಳಾದ ವಿಜಯನಗರವನ್ನು ಕಂಡು ಬರೆದಿಟ್ಟ ವೆನಿಸ್ಸಿನ ವರ್ತಕ ಸೆಸಾರೆ ಫೆದೆರಿಚಿಯೇ ಅನಂತರ ಪೆಗುವಿಗೂ ಹೋದನು. ಹಂಪೆಯಲ್ಲಿ ಬರಿದಾದ ಅರಮನೆಗಳನ್ನು ನೋಡಿದ ಕಣ್ಣುಗಳು ಪೆಗುವಿನಲ್ಲಿ ತುಂಬಿ ತುಳುಕುವ ಐಶ್ವರ್ಯವನ್ನು ನೋಡಿದವು. ಆ ಐಶ್ವರ್ಯವೂ ಅದೇ ಶತಮಾನ ಮುಗಿಯುವುದರೊಳಗೆ ಮಣ್ಣುಗೂಡಿತು.

1852ರ ಯುದ್ಧದಲ್ಲಿ ಬ್ರಿಟಿಷರು ದಕ್ಷಿಣ ಬರ್ಮಾವನ್ನು ಗೆದ್ದು ಅದಕ್ಕೆ ಪೆಗು ಪ್ರಾಂತವೆಂದು ಹೆಸರಿಟ್ಟರು. 1885ರಲ್ಲಿ, ತೇಗದ ವ್ಯಾಪಾರದ ಕಂಪನಿಯೊಂದಕ್ಕೆ ವಿಧಿಸಿದ ದಂಡವನ್ನೇ ನೆಪಮಾಡಿಕೊಂಡು, ಉಳಿದ ಬರ್ಮಾವನ್ನೂ ನುಂಗಿದರು. ಕೊನೆಯ ದೊರೆ ತೀಬಾ ಕೊಂಕಣ ತೀರದ ರತ್ನಾಗಿರಿಗೆ ಸೆರೆಯಾಳಾಗಿ ಬಂದು 1916ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದನು. ದಿಲ್ಲಿಯ ಕೊನೆಯ ಮೊಗಲ ಬಾದಶಹ ಬಹಾದುರ್ ಶಹನಾದರೋ ಅದಕ್ಕೂ ಮುಂಚೆಯೇ, 1862ರಲ್ಲಿ, ರಂಗೂನಿನ ಸೆರೆಯಲ್ಲಿ ಮಡಿದಿದ್ದನು. ಭಾರತದ ಅರಸನನ್ನು ಬರ್ಮಾಕ್ಕೆ, ಬರ್ಮಾದ ಅರಸನನ್ನು ಭಾರತಕ್ಕೆ ಸಾಗಿಸಿದ ಆ ಆಳರಸರು ತಮ್ಮ ಸಂಜೆಗಳನ್ನು ಕಳೆಯಲು ಕಟ್ಟಿಕೊಂಡ ಮನೆಯೇ ಪೆಗು ಕ್ಲಬ್.

ತೇಗದ ಮನೆ

ಕ್ಲಬ್ಬು ಸ್ಥಾಪನೆಯಾದುದು 1871ರಲ್ಲಿ. ಪ್ರೋಮ್ ರಸ್ತೆಯ ತೇಗದ ಕಟ್ಟಡಕ್ಕೆ ಅದು ಬಂದು ನೆಲಸಿದುದು 1882ರ ಸುಮಾರಿನಲ್ಲಿ. ಗಾಳಿಯಾಡುವ ಅಗಲವಾದ ಜಗಲಿಗಳು, ಎತ್ತರದ ಮಾಳಿಗೆ, ಮಳೆಗಾಲದ ತೇವಕ್ಕೆ ಜಗ್ಗದ ಕಂಬಗಳು. ಸೇನಾಧಿಕಾರಿಗಳು, ಸರ್ಕಾರದ ದೊಡ್ಡ ಅಧಿಕಾರಿಗಳು, ಅಕ್ಕಿ ಮತ್ತು ತೇಗದ ದೊಡ್ಡ ವರ್ತಕರು ಅಲ್ಲಿಯ ಸದಸ್ಯರು. ಸಂಜೆಯ ಬಿಸಿಲು ಇಳಿಯುತ್ತಿದ್ದಂತೆ ಅವರು ಬೆತ್ತದ ಕುರ್ಚಿಗಳಲ್ಲಿ ಒರಗುತ್ತಿದ್ದರು. ರಾತ್ರಿಯೂಟಕ್ಕೆ ಮುನ್ನ ಬಟ್ಟಲುಗಳು ಬರುತ್ತಿದ್ದವು.

1889ರಲ್ಲಿ ಯುವಕ ರುಡ್ಯಾರ್ಡ್ ಕಿಪ್ಲಿಂಗ್ ರಂಗೂನಿನಲ್ಲಿ ಕೆಲವೇ ದಿನ ನಿಂತಾಗ ಈ ಕ್ಲಬ್ಬಿಗೆ ಬಂದಿದ್ದನು. ಉತ್ತರ ಬರ್ಮಾದಲ್ಲಿ ಆಗಲೂ ಮುಂದುವರಿಯುತ್ತಿದ್ದ ಕಾದಾಟದ ಮಾತುಗಳನ್ನು ಅವನು ಇಲ್ಲಿಯ ಮೇಜುಗಳ ಸುತ್ತ ಕೇಳಿದನು. ಮಾಂಡಲೆಯನ್ನು ಎಂದೂ ಕಾಣದ ಆತ ಮರುವರ್ಷವೇ ಮಾಂಡಲೆಯ ಹೆಸರಿನ ಪದ್ಯವನ್ನು ಪ್ರಕಟಿಸಿ ಇಂಗ್ಲಿಷ್ ಬಲ್ಲ ಲೋಕಕ್ಕೆಲ್ಲ ಬರ್ಮಾದ ಹುಚ್ಚು ಹಿಡಿಸಿದನು.

ಈ ಬಾಗಿಲೊಳಗೆ ಸದಸ್ಯನಾಗಿ ಕಾಲಿಡಲು ಬಿಳಿಯ ಚರ್ಮವೇ ರಹದಾರಿ. ನೆಲದ ಒಡೆಯರಾದ ಬರ್ಮೀಯರಿಗೆ ಅಲ್ಲಿ ಸ್ಥಾನವಿರಲಿಲ್ಲ. ಭಾರತೀಯರಿಗೂ ಇರಲಿಲ್ಲ. ಆದರೆ ಆ ರಂಗೂನು ನಗರವನ್ನು ನಡೆಸುತ್ತಿದ್ದವರು ಯಾರು? 1931ರ ಜನಗಣತಿಯಂತೆ ರಂಗೂನಿನ ನಿವಾಸಿಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮಂದಿ ಭಾರತೀಯರು. ಬಂದರಿನಲ್ಲಿ ಮೂಟೆ ಹೊತ್ತವರು ತೆಲುಗರು, ಸಾಲದ ಲೆಕ್ಕ ಬರೆದವರು ಚೆಟ್ಟಿನಾಡಿನ ತಮಿಳರು, ದೋಣಿ ನಡೆಸಿದವರು ಚಿತ್ತಗಾಂಗಿನವರು, ಕಚೇರಿಗಳ ಗುಮಾಸ್ತರಲ್ಲಿ ಅನೇಕರು ಬಂಗಾಳಿಗಳು. ದೊರೆಗಳ ಬಂಗಲೆಗಳ ಅಡಿಗೆಮನೆಗಳಲ್ಲಿಯೂ ಊಟದ ಮೇಜಿನ ಬಳಿಯೂ ದುಡಿದವರಲ್ಲಿ ಹೆಚ್ಚಿನವರು ಭಾರತೀಯರೇ.

1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ 1934ರಲ್ಲಿ ಪ್ರಕಟವಾದ ತನ್ನ 'ಬರ್ಮೀಸ್ ಡೇಸ್' ಕಾದಂಬರಿಯನ್ನು ಇಂಥದೇ ಒಂದು ಕ್ಲಬ್ಬಿನ ಸುತ್ತ ಕಟ್ಟಿದ್ದಾನೆ. ಅದು ರಂಗೂನಿನದಲ್ಲ, ಒಳನಾಡಿನ ಒಂದು ಸಣ್ಣ ಊರಿನದು. ದೇಶೀಯನೊಬ್ಬನನ್ನು, ಒಬ್ಬನೇ ಒಬ್ಬನನ್ನು, ಸದಸ್ಯನಾಗಿ ಸೇರಿಸಿಕೊಳ್ಳಬೇಕೆ ಎಂಬ ಪ್ರಶ್ನೆ ಅಲ್ಲಿಯ ಜನರ ಬಾಳುಗಳನ್ನೇ ಬುಡಮೇಲು ಮಾಡುತ್ತದೆ. ಕ್ಲಬ್ಬಿನ ಹೊಸ್ತಿಲು ಸಾಮ್ರಾಜ್ಯದ ಗಡಿಯೇ ಆಗಿತ್ತೆಂಬುದನ್ನು ಆ ಕಾದಂಬರಿಯಷ್ಟು ಸ್ಪಷ್ಟವಾಗಿ ಹೇಳಿದ ಪುಸ್ತಕಗಳು ಕಡಮೆ.

ಪುಸ್ತಕ ಸೇರಿದ ಪಾನೀಯ

ಇಂಥ ಮನೆಯ ಬಟ್ಟಲು ಲೋಕಪ್ರಸಿದ್ಧವಾದುದು ಅಚ್ಚಿನ ಪುಸ್ತಕಗಳ ಮೂಲಕ. ಪ್ಯಾರಿಸ್ಸಿನ 'ಹ್ಯಾರೀಸ್ ನ್ಯೂಯಾರ್ಕ್ ಬಾರ್' ಎಂಬ ಪಾನಗೃಹದ ಒಡೆಯ ಹ್ಯಾರಿ ಮ್ಯಾಕೆಲ್‌ಹೋನ್ 1927ರ ತನ್ನ ಪುಸ್ತಕದಲ್ಲಿ ಇದನ್ನು ಸೇರಿಸಿದನು. ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರ್ಯಾಡಕ್ 1930ರಲ್ಲಿ ಹೊರತಂದ 'ಸವಾಯ್ ಕಾಕ್‌ಟೈಲ್ ಬುಕ್' ಇದನ್ನು ಮನೆಮಾತಾಗಿಸಿತು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕಸುಬು ನಡೆಸುತ್ತಿದ್ದ ಕ್ರ್ಯಾಡಕ್ 1920ರಲ್ಲಿ ಅಲ್ಲಿ ಪಾನನಿರೋಧ ಜಾರಿಗೆ ಬಂದಾಗ ತಾಯ್ನಾಡಿಗೆ ಮರಳಿದವನು. ಇದು ಬರ್ಮಾದ ಪೆಗು ಕ್ಲಬ್ಬಿನವರ ಮೆಚ್ಚಿನ ಪಾನೀಯವೆಂದೂ ಲೋಕವನ್ನೆಲ್ಲ ಸುತ್ತಿದೆಯೆಂದೂ ಆತನ ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ.

ಆ ಒಂದು ಸಾಲಿನಲ್ಲಿ ಕ್ಲಬ್ಬಿನ ಹೆಸರಿದೆ, ದೇಶದ ಹೆಸರಿದೆ. ಬಟ್ಟಲನ್ನು ಕುಲುಕಿದ ಕೈಯ ಹೆಸರಿಲ್ಲ. ಸಂಜೆಯ ಸೆಕೆಯಲ್ಲಿ ನಿಂಬೆಹಣ್ಣನ್ನು ಹಿಂಡಿ, ಮಂಜನ್ನು ಒಡೆದು, ತಟ್ಟೆಯಲ್ಲಿಟ್ಟು ತಂದು, ಬಾಗಿ, ಹಿಂದೆ ಸರಿದು ನಿಂತವನು ಯಾವ ಊರಿನವನೆಂದು ಕೇಳುವ ಪದ್ಧತಿ ಆ ಪುಸ್ತಕಗಳ ಕಾಲದಲ್ಲಿ ಇರಲಿಲ್ಲ. ಹೊಸಬರು ಈ ಪಾನೀಯವನ್ನು ಮತ್ತೆ ಕೈಗೆತ್ತಿಕೊಳ್ಳುವಾಗ ಮೊದಲು ನೆನಪಿಡಬೇಕಾದುದು ಈ ಕೊರತೆಯನ್ನು.

ಅಳತೆಯ ತೊಡಕು

ಸವಾಯ್ ಪುಸ್ತಕದ ವಿಧಾನ ಹೀಗಿದೆ: ಮೂರರಲ್ಲಿ ಎರಡು ಪಾಲು ಡ್ರೈ ಜಿನ್, ಒಂದು ಪಾಲು ಕ್ಯೂರಸಾವ್, ಒಂದು ಟೀ ಚಮಚ ಲೈಮಿನ ರಸ, ಅಂಗೊಸ್ಟ್ಯೂರಾ ಬಿಟರ್ಸ್ ಒಂದು ಸಿಡಿತ, ಕಿತ್ತಳೆ ಬಿಟರ್ಸ್ ಒಂದು ಸಿಡಿತ. ಚೆನ್ನಾಗಿ ಕುಲುಕಿ ಸೋಸಬೇಕು. ಇಷ್ಟೇ. ಮಿಲಿಲೀಟರಿನ ಮಾತಿಲ್ಲ, ಬಟ್ಟಲು ಎಷ್ಟು ದೊಡ್ಡದೆಂಬ ಸೂಚನೆಯಿಲ್ಲ. ಕನ್ನಡದ ಗೃಹಿಣಿಗೆ ಇದು ಹೊಸದೇನಲ್ಲ. 'ಚಿಟಿಕೆ ಇಂಗು', 'ರುಚಿಗೆ ತಕ್ಕಷ್ಟು ಉಪ್ಪು' ಎಂದು ಅತ್ತೆ ಹೇಳಿಕೊಟ್ಟ ಸಾರಿನ ಅಳತೆ ಸೊಸೆಯ ಕೈಯಲ್ಲಿ ಕೂಡಿಬರಲು ವರ್ಷಗಳೇ ಬೇಕಾಗುತ್ತವೆ. ಬೇಳೆ ಬದಲಾದರೆ, ನೀರು ಬದಲಾದರೆ, ಪಾತ್ರೆ ಬದಲಾದರೆ ಅಳತೆಯೂ ಬದಲಾಗಬೇಕೆಂಬುದನ್ನು ಅಡಿಗೆ ಬಲ್ಲವರೆಲ್ಲರೂ ಬಲ್ಲರು. ಈ ಬಟ್ಟಲಿನ ವಿಷಯದಲ್ಲಿ ಬಹುಮಟ್ಟಿಗೆ ಎಲ್ಲವೂ ಬದಲಾಗಿವೆ.

ಮೊದಲನೆಯದು ಲೈಮು. ಇಂದು ಯೂರೋಪ್ ಅಮೆರಿಕಗಳ ಅಂಗಡಿಗಳಲ್ಲಿ ಲೈಮ್ ಎಂದು ದೊರೆಯುವುದು ಹೆಚ್ಚಾಗಿ ದೊಡ್ಡ ಗಾತ್ರದ, ಬೀಜವಿಲ್ಲದ ಪರ್ಷಿಯನ್ ಲೈಮ್. ಕನ್ನಡ ನಾಡಿನ ಸಂತೆಯಲ್ಲಿ ಸಿಕ್ಕುವ ಪುಟ್ಟ, ತೆಳುಸಿಪ್ಪೆಯ, ಬೀಜ ತುಂಬಿದ ನಿಂಬೆಹಣ್ಣು ಬೇರೆಯೇ ಜಾತಿಯದು. ಸಾಮಾನ್ಯವಾಗಿ ಅದಕ್ಕಿಂತ ಹುಳಿ ಹೆಚ್ಚು, ಘಮವೂ ಹೆಚ್ಚು. ವಿಜಯಪುರ ಜಿಲ್ಲೆಯ ಇಂಡಿಯ ತೋಟಗಳಿಂದ ಬರುವ ನಿಂಬೆಯನ್ನು ಒಮ್ಮೆ ಉಗುರಿನಿಂದ ಗೀರಿದರೆ ಸಾಕು, ಕೋಣೆಗೆಲ್ಲ ತಿಳಿಯುತ್ತದೆ. ನ್ಯೂಯಾರ್ಕಿನ ಹೊಸ ಪುಸ್ತಕ ಹೇಳುವಷ್ಟು ರಸವನ್ನು ಈ ನಿಂಬೆಯಿಂದ ಹಿಂಡಿದರೆ ಬಟ್ಟಲು ಹುಳಿಯಾಗಿ ಹಲ್ಲು ಚುಳ್ಳೆನ್ನುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. 1867ರಲ್ಲಿ ಸ್ಕಾಟ್ಲೆಂಡಿನ ಲಾಕ್ಲನ್ ರೋಸ್ ಎಂಬಾತ ಲೈಮಿನ ರಸವನ್ನು ಮದ್ಯವಿಲ್ಲದೆ ಸಕ್ಕರೆಯಿಂದಲೇ ಕೆಡದಂತೆ ಇಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಸೀಸೆಯ ಆ ಸಿಹಿರಸ ಬ್ರಿಟಿಷ್ ಹಡಗುಗಳೊಡನೆ ದೇಶದೇಶಗಳಿಗೆ ಹೋಯಿತು. ಹಳೆಯ ಪುಸ್ತಕದಲ್ಲಿ 'ಲೈಮ್ ರಸ' ಎಂದಷ್ಟೇ ಇದ್ದರೆ ಅದು ಹಣ್ಣಿನದೂ ಆಗಬಹುದು, ಸೀಸೆಯದೂ ಆಗಬಹುದು. ಅದೇನೇ ಇರಲಿ, ತಾಜಾ ರಸವಾದರೆ ಒಂದು ಚಮಚ, ಎಂದರೆ ಸುಮಾರು 5 ಮಿಲಿಲೀಟರು, ಇಂದಿನ ನಾಲಗೆಗೆ ಸಾಲದು. ಕಿತ್ತಳೆ ಮದ್ಯದ ಸಿಹಿಯಡಿಯಲ್ಲಿ ಅದು ಅಡಗಿಹೋಗುತ್ತದೆ.

ಎರಡನೆಯದು ಕ್ಯೂರಸಾವ್. ದಕ್ಷಿಣ ಅಮೆರಿಕದ ಉತ್ತರ ತೀರದಾಚೆಯ ಡಚ್ಚರ ದ್ವೀಪದ ಹೆಸರಿದು. ಸ್ಪೇನಿನವರು ಅಲ್ಲಿ ನೆಟ್ಟ ವೆಲೆನ್ಸಿಯ ಕಿತ್ತಳೆ ಆ ಒಣನೆಲದಲ್ಲಿ ಸಿಹಿಯನ್ನೇ ಮರೆತು, ಬಾಯಿಗಿಡಲಾರದಷ್ಟು ಕಹಿಯಾಯಿತು. ಆದರೆ ಅದರ ಸಿಪ್ಪೆಯನ್ನು ಒಣಗಿಸಿದರೆ ಅಪೂರ್ವವಾದ ಪರಿಮಳ. ಹೇರಳೆಕಾಯಿಯ ಕಹಿಯನ್ನು ಬೆಲ್ಲ ಉಪ್ಪುಗಳಿಂದ ಪಳಗಿಸಿ ಗೊಜ್ಜು ಮಾಡಬಲ್ಲ ಕನ್ನಡಿಗರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಇಂದು ಅಂಗಡಿಯಲ್ಲಿ ಕ್ಯೂರಸಾವ್ ಎಂಬ ಹೆಸರಿನಲ್ಲಿ ಸಕ್ಕರೆಪಾಕದಂತಹ ಅಗ್ಗದ ಸೀಸೆಗಳೂ ಉಂಟು. ನೀಲಿ ಬಣ್ಣದ್ದೂ ಒಂದುಂಟು. ಅದಕ್ಕೆ ಬೆರೆಸಿರುವುದು ಬಣ್ಣವಷ್ಟೆ. ಅದನ್ನು ಸುರಿದವನ ಪೆಗು ಕ್ಲಬ್ಬು ಹೊಂಬಣ್ಣಕ್ಕೆ ಬದಲು ಪಾಚಿಯ ಬಣ್ಣ ತಾಳುತ್ತದೆ. 2012ರಲ್ಲಿ ಫ್ರಾನ್ಸಿನ ಮದ್ಯಗಾರರೊಬ್ಬರು ಅಮೆರಿಕದ ಇತಿಹಾಸಕಾರ ಡೇವಿಡ್ ವಾಂಡ್ರಿಚ್ ಅವರ ನೆರವಿನಿಂದ ಹಳೆಯ ರೀತಿಯ, ಸಿಹಿ ಕಡಮೆಯಾದ ಕ್ಯೂರಸಾವನ್ನು ಮತ್ತೆ ತಯಾರಿಸಿದರು. ಅಂಥದು ಸಿಕ್ಕದಿದ್ದರೆ ಬಣ್ಣವಿಲ್ಲದ ಕಿತ್ತಳೆ ಮದ್ಯವಾದ ಟ್ರಿಪಲ್ ಸೆಕ್ ಕೆಲಸಕ್ಕೆ ಬರುತ್ತದೆ.

ಮೂರನೆಯದು ಕಹಿ. ಅಂಗೊಸ್ಟ್ಯೂರಾ ಬಿಟರ್ಸ್ ಎಂಬುದು ಮೂಲತಃ ಔಷಧ. ವೆನಿಜುವೆಲಾದ ವಿಮೋಚಕ ಬೊಲಿವಾರನ ಸೇನೆಯಲ್ಲಿದ್ದ ಜರ್ಮನ್ ವೈದ್ಯ ಸೀಗರ್ಟ್ 1824ರಲ್ಲಿ ಅಂಗೊಸ್ಟ್ಯೂರಾ ಎಂಬ ಊರಿನಲ್ಲಿ ಅದನ್ನು ಸಿದ್ಧಪಡಿಸಿದನು. ಮುಂದೆ ಆ ತಯಾರಿಕೆ ಟ್ರಿನಿಡಾಡ್ ದ್ವೀಪಕ್ಕೆ ಹೋಗಿ ಇಂದಿಗೂ ಅಲ್ಲಿಯೇ ನಡೆಯುತ್ತಿದೆ. ಕಿತ್ತಳೆ ಬಿಟರ್ಸಿನ ಗತಿ ಬೇರೆಯಾಯಿತು. ಕಳೆದ ಶತಮಾನದ ನಡುವಣ ಭಾಗದಲ್ಲಿ ಅದು ಅಂಗಡಿಗಳಿಂದ ಬಹುಮಟ್ಟಿಗೆ ಮರೆಯಾಗಿ, 2005ರ ಸುಮಾರಿಗೆ ಮತ್ತೆ ತಲೆಯೆತ್ತಿತು. ಆ ನಡುವೆ ಪೆಗು ಕ್ಲಬ್ಬನ್ನು ಮಾಡಿದವರಲ್ಲಿ ಬಹುಮಂದಿ ಅದಿಲ್ಲದೆಯೇ ಮಾಡಬೇಕಾಯಿತು. ಕಹಿ ತಪ್ಪಿದ ಈ ಪಾನೀಯ ಬರಿಯ ಶರಬತ್ತು.

ನಾಲ್ಕನೆಯದು ಮಂಜು ಮತ್ತು ಬಟ್ಟಲು. 1833ರಲ್ಲಿ ಅಮೆರಿಕದ ಸರೋವರಗಳ ಮಂಜುಗಡ್ಡೆ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದಾಗ ಜನ ಬೆರಗಾದರು. ಅದನ್ನು ಕೂಡಿಡಲು ಮದರಾಸಿನ ಸಮುದ್ರತೀರದಲ್ಲಿ ಕಟ್ಟಿದ 'ಐಸ್ ಹೌಸ್' ಇಂದು ವಿವೇಕಾನಂದರ ಸ್ಮಾರಕವಾಗಿದೆ. ಆಮೇಲೆ ಯಂತ್ರದ ಮಂಜು ಬಂತು. ಇಂದು ಮನೆಯ ಫ್ರಿಜ್ಜಿನಲ್ಲಿ ಸಣ್ಣ ಸಣ್ಣ ತುಂಡುಗಳು. ಅವು ಬೇಗ ಕರಗಿ ಪಾನೀಯವನ್ನು ತೆಳುಮಾಡುತ್ತವೆ. ಬಟ್ಟಲುಗಳಾದರೋ ದೊಡ್ಡವಾಗಿವೆ. ಹಿಂದಿನವರ ಬಟ್ಟಲು ಕೆಲವೇ ಗುಟುಕಿನದು, ತಣ್ಣಗಿರುವಾಗಲೇ ಮುಗಿಯುತ್ತಿತ್ತು. ಅದೇ ಪಾನೀಯವನ್ನು ಇಂದಿನ ಅಗಲಬಾಯಿಯ ದೊಡ್ಡ ಬಟ್ಟಲಿನ ತುಂಬ ಸುರಿದರೆ ಕೊನೆಯ ಅರ್ಧ ಬೆಚ್ಚಗಾಗುವುದು ಒಂದು ಕೇಡು. ಕುಡಿದವನು ಅಳತೆ ಮೀರುವುದು ಇನ್ನೊಂದು ಕೇಡು.

ಮನೆಗೆ ಹೊಂದುವ ವಿಧಾನ

ಇಷ್ಟನ್ನು ತೂಗಿ ನೋಡಿದಾಗ ಭಾರತದ ಮನೆಗೆ ಹೊಂದುವ ಅಳತೆ ಹೀಗೆ ರೂಪುಗೊಳ್ಳುತ್ತದೆ: ಡ್ರೈ ಜಿನ್ 45 ಮಿಲಿಲೀಟರು, ಕ್ಯೂರಸಾವ್ 15 ಮಿಲಿಲೀಟರು, ಆಗತಾನೆ ಹಿಂಡಿ ಸೋಸಿದ ನಿಂಬೆರಸ 10ರಿಂದ 12 ಮಿಲಿಲೀಟರು, ಎರಡೂ ಬಿಟರ್ಸ್ ಒಂದೊಂದು ಸಿಡಿತ. ಸಿಡಿತವೆಂದರೆ ಸೀಸೆಯನ್ನು ಒಮ್ಮೆ ಕೊಡವಿದಾಗ ಬೀಳುವಷ್ಟು, ಒಂದು ಮಿಲಿಲೀಟರಿಗಿಂತ ತುಸು ಕಡಮೆ. ಹಳೆಯ ಪುಸ್ತಕದ ಎರಡಕ್ಕೊಂದು ಪಾಲು ಇಲ್ಲಿ ಮೂರಕ್ಕೊಂದಾಗಿದೆ, ನಿಂಬೆ ಇಮ್ಮಡಿಯಾಗಿದೆ. ಮೊದಲ ಸಲ 10 ಮಿಲಿಲೀಟರು ನಿಂಬೆಯಿಂದಲೇ ಆರಂಭಿಸುವುದು ಒಳಿತು. ಹಣ್ಣಿನಿಂದ ಹಣ್ಣಿಗೆ ಹುಳಿ ಬೇರೆ. ಕೊರತೆಯಾದರೆ ಸೇರಿಸಬಹುದು, ಹೆಚ್ಚಾದರೆ ತೆಗೆಯಲಾಗದು.

ಜಿನ್ನಿನ ಆಯ್ಕೆಯಲ್ಲಿ ಜೂನಿಪರ್ ಕಾಯಿಯ ಘಾಟು ಎದ್ದು ಕಾಣುವ ಲಂಡನ್ ಡ್ರೈ ಬಗೆಯದೇ ಮೇಲು. ಈ ಜಿನ್ನಿನಲ್ಲಿ ಜೂನಿಪರಿನ ಮರುಸ್ಥಾನ ಕನ್ನಡದ ಅಡಿಗೆಮನೆಯ ಕೊತ್ತಂಬರಿ ಬೀಜಕ್ಕೆ ಸಲ್ಲುತ್ತದೆಂಬುದು ಅನೇಕರಿಗೆ ಸೋಜಿಗವೆನಿಸೀತು. 2017ರಿಂದೀಚೆಗೆ ಗೋವೆಯಲ್ಲಿ ಸಣ್ಣ ಪ್ರಮಾಣದಲ್ಲಿ ತಯಾರಾಗುತ್ತಿರುವ ಡ್ರೈ ಜಿನ್ನುಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಹೂವಿನ ಕಂಪು, ಹಣ್ಣಿನ ಸಿಹಿ ಸೇರಿಸಿದ ಜಿನ್ನುಗಳು ಇಲ್ಲಿ ಸಲ್ಲವು. ಕಿತ್ತಳೆಯೂ ಅವೂ ಒಂದರ ಕಾಲನ್ನೊಂದು ತುಳಿಯುತ್ತವೆ.

ಕಿತ್ತಳೆ ಬಿಟರ್ಸ್ ಸಿಕ್ಕದವರಿಗೆ ಒಂದು ಉಪಾಯವುಂಟು. ಅಂಗೊಸ್ಟ್ಯೂರಾವನ್ನೇ ಎರಡು ಸಿಡಿತ ಹಾಕಿ, ಕೊನೆಯಲ್ಲಿ ಕೊಡಗಿನ ಕಿತ್ತಳೆಯ ಸಿಪ್ಪೆಯ ಒಂದು ಚೂರನ್ನು ಬಟ್ಟಲಿನ ಮೇಲೆ ಮಡಚಿ ಹಿಂಡಿದರೆ ಅದರ ಎಣ್ಣೆ ಸಣ್ಣ ತುಂತುರಾಗಿ ಚಿಮ್ಮಿ ಪರಿಮಳವನ್ನು ತುಂಬಿಕೊಡುತ್ತದೆ. ಸಿಪ್ಪೆಯ ಒಳಗಿನ ಬಿಳಿಯ ಭಾಗವನ್ನು ಮಾತ್ರ ಮೊದಲೇ ಹೆರೆದು ತೆಗೆಯಬೇಕು.

ಕುಲುಕುವ ಪಾತ್ರೆಯಿಲ್ಲವೆಂದು ಕೊರಗಬೇಕಾಗಿಲ್ಲ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ, ಚಹಾ ಸೋಸುವ ಜಾಲರಿ, ಔಷಧದ ಸೀಸೆಯೊಡನೆ ಬರುವ ಗೆರೆ ಹಾಕಿದ ಅಳತೆಯ ಮುಚ್ಚಳ—ಇವು ಮೂರಿದ್ದರೆ ಸಾಕು. ಮಂಜುಗಡ್ಡೆಯ ತುಂಡುಗಳು ಆದಷ್ಟು ದೊಡ್ಡವಾಗಿಯೂ ಡಬ್ಬಿಯ ತುಂಬವೂ ಇರಬೇಕು. ಮಂಜಿಗೆ ಜಿಪುಣತನ ತೋರಿದವನಿಗೇ ಹೆಚ್ಚು ನೀರು ಸೇರುವುದೆಂಬುದು ಈ ಕಸುಬಿನ ಒಗಟು. ಹನ್ನೆರಡರಿಂದ ಹದಿನೈದು ಸೆಕೆಂಡು ಬಲವಾಗಿ ಕುಲುಕಿ, ಮೊದಲೇ ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿದ ಸಣ್ಣ ಬಟ್ಟಲಿಗೆ ಸೋಸಬೇಕು. ಆಗ ಬಟ್ಟಲಿನ ಬಣ್ಣ ಹದವಾಗಿ ಬಿಸಿಲು ಕಂಡ ಜೇನಿನದು. ಮೊದಲು ನಿಂಬೆ, ನಡುವೆ ಕಿತ್ತಳೆ, ಕೊನೆಗೆ ನಾಲಗೆಯ ಹಿಂಬದಿಯಲ್ಲಿ ಒಣಗುವ ಕಹಿ.

ಇಂಥ ಒಂದು ಬಟ್ಟಲಿನಲ್ಲಿರುವ ಮದ್ಯಸಾರ ಹೆಚ್ಚುಕಡಮೆ ಎರಡು ಸಣ್ಣ ಪೆಗ್ಗುಗಳಿಗೆ ಸಮ. ಆದುದರಿಂದ ಒಂದೇ ಸಾಕು, ಅದೂ ಊಟಕ್ಕೆ ಮುನ್ನ, ನಿಧಾನವಾಗಿ. ಮಿತಿ ತಪ್ಪಿದ ಜಿನ್ನು ಲಂಡನ್ ನಗರವನ್ನೇ ಹೇಗೆ ಕೆಡಿಸಿತೆಂಬುದಕ್ಕೆ 1751ರಲ್ಲಿ ವಿಲಿಯಂ ಹೋಗಾರ್ತ್ ಕೊರೆದ 'ಜಿನ್ ಲೇನ್' ಎಂಬ ಚಿತ್ರವೇ ಸಾಕ್ಷಿ. ಆ ಚಿತ್ರದ ತಾಯಿಯ ಕೈಯಿಂದ ಜಾರಿ ಬೀಳುತ್ತಿರುವ ಮಗುವನ್ನು ಕಂಡವರು ಮರೆಯಲಾರರು.

ಮದ್ಯವನ್ನು ಒಲ್ಲದವರೂ, ಮನೆಯ ಮಕ್ಕಳೂ ಈ ರುಚಿಯ ನೆರಳನ್ನು ಸವಿಯಬಹುದು. ಎರಡು ಕಿತ್ತಳೆಗಳ ಸಿಪ್ಪೆ, ಒಂದು ಚಮಚ ಜಜ್ಜಿದ ಕೊತ್ತಂಬರಿ ಬೀಜ, ಒಂದು ಲೋಟ ಸಕ್ಕರೆ, ಒಂದು ಲೋಟ ನೀರು—ಇವನ್ನು ಹತ್ತು ನಿಮಿಷ ಕುದಿಸಿ ಆರಿಸಿ ಸೋಸಿಟ್ಟುಕೊಂಡರೆ ಪಾಕ ಸಿದ್ಧ. ಎರಡು ಚಮಚ ಪಾಕಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ, ಮಂಜು ಹಾಕಿ, ಸೋಡಾ ತುಂಬಿದರೆ ಬೇಸಗೆಯ ಸಂಜೆಗೆ ಸೊಗಸಾದ ಪಾನಕ. ಬಿಟರ್ಸಿನಲ್ಲಿಯೂ ಮದ್ಯಸಾರವಿರುವುದರಿಂದ ಇದಕ್ಕೆ ಅದನ್ನು ಸೇರಿಸಬಾರದು. ಸಿಪ್ಪೆಯ ಕಹಿಯೇ ಸಾಕು.

ಬಾಗಿಲು ಮುಚ್ಚಿದ ಮೇಲೆ

1942ರ ಮಾರ್ಚಿಯಲ್ಲಿ ಜಪಾನೀಯರು ರಂಗೂನನ್ನು ಹಿಡಿದರು. ಅದಕ್ಕೆ ಮುಂಚೆಯೇ ಊರು ಬಿಡುವ ಧಾವಂತ ಆರಂಭವಾಗಿತ್ತು. ಕ್ಲಬ್ಬಿನ ಸದಸ್ಯರಲ್ಲಿ ಅನೇಕರಿಗೆ ಹಡಗೂ ವಿಮಾನವೂ ದೊರೆತವು. ಲಕ್ಷಾಂತರ ಭಾರತೀಯರು, ಕೂಲಿಗಳು, ಗುಮಾಸ್ತರು, ಅಡಿಗೆಯವರು, ಬಟ್ಟಲು ತಂದಿಡುತ್ತಿದ್ದವರು, ಅರಾಕಾನಿನ ಬೆಟ್ಟಗಳನ್ನೂ ಅಸ್ಸಾಮಿನ ಕಾಡುಗಳನ್ನೂ ನಡೆದೇ ದಾಟಬೇಕಾಯಿತು. ಸಾವಿರಾರು ಜನ ದಾರಿಯಲ್ಲಿಯೇ ಉಳಿದುಹೋದರು. 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾಯಿತು. ಆಳರಸರ ಕ್ಲಬ್ಬು ಸರ್ಕಾರದ ಕೈಸೇರಿ, ಕಾಲಕ್ರಮದಲ್ಲಿ ಪಾಳುಬಿದ್ದಿತು. ತೇಗದ ಜಗಲಿಯ ಮೇಲೆ ಮಳೆ ಸುರಿಯಿತು. ಹಲಗೆಗಳ ನಡುವೆ ಗಿಡಗಳು ಬೇರುಬಿಟ್ಟವು.

ಹೆಸರು ಮಾತ್ರ ಬೇರೆಡೆ ಬಾಳಿತು. 2005ರಲ್ಲಿ ಆಡ್ರಿ ಸಾಂಡರ್ಸ್ ಎಂಬ ಮಹಿಳೆ ನ್ಯೂಯಾರ್ಕಿನಲ್ಲಿ 'ಪೆಗು ಕ್ಲಬ್' ಎಂಬ ಪಾನಗೃಹವನ್ನು ತೆರೆದರು. ಹಳೆಯ ವಿಧಾನಗಳನ್ನು ಶ್ರದ್ಧೆಯಿಂದ ತಿದ್ದಿ ಇಂದಿನ ನಾಲಗೆಗೆ ಹೊಂದಿಸುವ ಕಲೆಗೆ ಆ ಮನೆ ಒಂದು ಪಾಠಶಾಲೆಯಾಯಿತು. ಅಲ್ಲಿ ಕಲಿತವರು ಮುಂದೆ ತಮ್ಮ ತಮ್ಮ ಪಾನಗೃಹಗಳನ್ನು ತೆರೆದರು. ಸಾಂಕ್ರಾಮಿಕ ರೋಗದ 2020ರಲ್ಲಿ ಅದೂ ಮುಚ್ಚಿಹೋಯಿತು. ಆ ವೇಳೆಗೆ ರಂಗೂನಿನಲ್ಲಿ ಮೂಲ ಕಟ್ಟಡದ ಒಂದು ಭಾಗವನ್ನು ದುರಸ್ತಿಮಾಡಿ, 2018ರ ಸುಮಾರಿಗೆ ಸಭೆ ಸಮಾರಂಭಗಳಿಗಾಗಿ ತೆರೆದಿದ್ದರು. ಒಂದು ಕಾಲಕ್ಕೆ ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದ್ದರೋ ಅವರ ಮೊಮ್ಮಕ್ಕಳು ಆ ಹಲಗೆಗಳ ಮೇಲೆ ಅತಿಥಿಗಳಾಗಿ ನಡೆಯುವಂತಾಯಿತು. 2021ರ ಫೆಬ್ರುವರಿಯಲ್ಲಿ ಸೇನೆ ಮತ್ತೆ ಅಧಿಕಾರವನ್ನು ಕಸಿದುಕೊಂಡಾಗ ಆ ನಾಡಿನ ಸಂಜೆಗಳ ನೆಮ್ಮದಿ ಮತ್ತೊಮ್ಮೆ ಕದಡಿತು.

ಹೀಗಿರುವಾಗ, ಹೊಸ್ತಿಲಲ್ಲಿಯೇ ಜನರನ್ನು ತಡೆದ ಒಂದು ಮನೆಯ ಪಾನೀಯವನ್ನು ಇಂದು ಮತ್ತೆ ಮಾಡುವುದು ಸರಿಯೆ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ಮನೆಯ ಒಡೆಯರು ಬೆಳೆದದ್ದು ಅದರಲ್ಲಿ ಏನಿತ್ತು? ನಿಂಬೆ ಪೂರ್ವದೇಶದ ಮಣ್ಣಿನದು; ಕಿತ್ತಳೆ ಕೆರಿಬಿಯನ್ ದ್ವೀಪದ್ದು; ಕಹಿ ವೆನಿಜುವೆಲಾದ ಸ್ವಾತಂತ್ರ್ಯ ಸೇನೆಯ ವೈದ್ಯನದು; ಕುಲುಕಿದ ಕೈ ಹೆಸರಿಲ್ಲದ ಪರಿಚಾರಕನದು. ಸದಸ್ಯರದೆಂದು ಹೇಳಬಹುದಾದುದು ಬೆತ್ತದ ಕುರ್ಚಿಯೊಂದೇ. ಬೆಂಗಳೂರಿನ ಒಂದು ಸಾಧಾರಣ ಮನೆಯಲ್ಲಿ, ಸ್ಟೀಲ್ ಡಬ್ಬಿಯಲ್ಲಿ ಕುಲುಕಿ, ಇಂಡಿಯ ನಿಂಬೆ ಹಿಂಡಿ, ಯಾವ ಜಾತಿ ಯಾವ ಬಣ್ಣವೆಂದು ಕೇಳದೆ ಬಂದ ಗೆಳೆಯರ ಮುಂದಿಟ್ಟಾಗ ಆ ಬಟ್ಟಲು ತಡವಾಗಿಯಾದರೂ ತನ್ನವರ ಮನೆಗೆ ಬಂದಂತೆ. ಅದನ್ನು ತುಟಿಗೆತ್ತುವ ಮುನ್ನ, ಬಾಗಿ ಹಿಂದೆ ಸರಿದು ನಿಂತಿದ್ದ ಆ ಪರಿಚಾರಕನನ್ನು ಒಂದು ಕ್ಷಣ ನೆನೆಯುವುದು ಅತಿಥೇಯನಿಗೆ ಶೋಭೆ.